ಕೆಲಸದ ಸ್ಥಳದ ಕಲಿಕೆಯಲ್ಲಿ ಸಾಮಾಜಿಕ ಜಾಲವನ್ನು ಅಳೆಯುವುದು ಹೇಗೆ: ಸಂಶೋಧಕರಿಗೂ ತರಬೇತಿ ವಿಭಾಗದವರಿಗೂ ಸಮಗ್ರ ಮಾರ್ಗದರ್ಶಿ

ಪುಣೆ ಮತ್ತು ಮುಂಬಯಿಯ ಸಂಸ್ಥೆಗಳಲ್ಲಿ ತರಬೇತಿಯ ಹೊಣೆ ಹೊತ್ತಿರುವ ಕನ್ನಡಿಗರೂ ಇಲ್ಲಿ ಮಾನವ ಸಂಪನ್ಮೂಲ ವಿಷಯದಲ್ಲಿ ಪ್ರಬಂಧ ಬರೆಯುತ್ತಿರುವ ವಿದ್ಯಾರ್ಥಿಗಳೂ ಓದಲು ಕೊಡುವ ಕರಡುಗಳಲ್ಲಿ ಒಂದೇ ದೋಷ ಮತ್ತೆ ಮತ್ತೆ ಕಾಣುತ್ತದೆ. ಶೀರ್ಷಿಕೆಯಲ್ಲಿ ‘ಸಾಮಾಜಿಕ ಜಾಲ’ (ಜನರ ನಡುವಿನ ನಂಟುಗಳ ಹೆಣಿಗೆ) ಅಥವಾ ‘ಸಾಮಾಜಿಕ ಬಂಡವಾಳ’ (ಆ ನಂಟುಗಳಿಂದ ದೊರೆಯುವ ಅನುಕೂಲ) ಎಂದಿರುತ್ತದೆ. ಪ್ರಶ್ನಾವಳಿಯನ್ನು ತೆರೆದರೆ ‘ನನ್ನ ಸಹೋದ್ಯೋಗಿಗಳು ನನಗೆ ನೆರವಾಗುತ್ತಾರೆ’, ‘ನಮ್ಮ ವಿಭಾಗದಲ್ಲಿ ಪರಸ್ಪರ ನಂಬಿಕೆಯಿದೆ’ ಎಂಬಂಥ ಹೇಳಿಕೆಗಳೂ ಅವುಗಳೆದುರು ಒಂದರಿಂದ ಐದರವರೆಗಿನ ಅಂಕಗಳೂ ಮಾತ್ರ ಸಿಗುತ್ತವೆ. ಇವುಗಳಿಂದ ತಿಳಿಯುವುದು ವಾತಾವರಣದ ಬಗ್ಗೆ ಒಬ್ಬೊಬ್ಬರ ಅನಿಸಿಕೆ. ಯಾರು ಯಾರ ಬಳಿ ಹೋಗಿ ಕಲಿಯುತ್ತಾರೆ, ಯಾರ ಬಳಿ ಯಾರೂ ಹೋಗುವುದಿಲ್ಲ, ಯಾವ ಎರಡು ಗುಂಪುಗಳ ನಡುವೆ ಮಾತೇ ಇಲ್ಲ ಎಂಬುದು ಅದರಲ್ಲಿ ಎಲ್ಲಿಯೂ ದಾಖಲಾಗಿರುವುದಿಲ್ಲ. ಅದು ದಾಖಲಾಗದಿದ್ದರೆ ಅಳೆಯಲು ಜಾಲವೆಂಬುದೇ ಇರುವುದಿಲ್ಲ, ಆಮೇಲೆ ಎಷ್ಟು ಒಳ್ಳೆಯ ತಂತ್ರಾಂಶ ಬಳಸಿದರೂ ಆ ಕೊರತೆ ತುಂಬುವುದಿಲ್ಲ.

ಇಂಥ ಅಧ್ಯಯನದ ಬಹುಪಾಲು ಸೋಲುಗಳು ಕಂಪ್ಯೂಟರ್ ಮುಂದೆ ಕೂರುವುದಕ್ಕೆ ಮೊದಲೇ ಆಗಿಹೋಗಿರುತ್ತವೆ. ಆದ್ದರಿಂದ ಕೆಳಗಿನ ಹಂತಗಳನ್ನು ಕೊಟ್ಟ ಅನುಕ್ರಮದಲ್ಲಿಯೇ ಅನುಸರಿಸಬೇಕೆಂದು ಕೇಳಿಕೊಳ್ಳುತ್ತೇನೆ. ವಿವರಣೆಗೆ ಅನುಕೂಲವಾಗಲೆಂದು ಒಂದು ಕಾಲ್ಪನಿಕ ಉದಾಹರಣೆಯನ್ನು ಉದ್ದಕ್ಕೂ ಇಟ್ಟುಕೊಂಡಿದ್ದೇನೆ: ಪುಣೆ ಬಳಿಯ ಚಾಕಣದ ವಾಹನ ಬಿಡಿಭಾಗ ಕಾರ್ಖಾನೆಯೊಂದರ ಸಿಎನ್‌ಸಿ (ಕಂಪ್ಯೂಟರ್ ನಿಯಂತ್ರಿತ) ಯಂತ್ರ ವಿಭಾಗ, ಮೂರು ಪಾಳಿ, ಒಟ್ಟು 60 ಜನ. ಕೆಲವರು ಬೆಳಗಾವಿ, ವಿಜಯಪುರ, ಕಲಬುರಗಿ ಕಡೆಯವರು, ಕೆಲವರು ಮರಾಠವಾಡದವರು, ಉಳಿದವರು ಬಿಹಾರ ಮತ್ತು ಉತ್ತರ ಪ್ರದೇಶದವರು.

ಮೊದಲೇ ಕೈಯಲ್ಲಿರಬೇಕಾದುವು

ಸಂಸ್ಥೆಯ ಲಿಖಿತ ಅನುಮತಿ, ವಿಭಾಗದ ಪೂರ್ಣ ಹೆಸರುಪಟ್ಟಿ, ಪ್ರತಿಯೊಬ್ಬರಿಗೂ ನೀವೇ ಕೊಟ್ಟ ಸಂಕೇತ ಸಂಖ್ಯೆ, ಹೆಸರು ಮತ್ತು ಸಂಕೇತವನ್ನು ಜೋಡಿಸುವ ಕೀಲಿ ಕಡತ ಇವಿಷ್ಟು ಮೊದಲು ಸಿದ್ಧವಾಗಬೇಕು. ಕೀಲಿ ಕಡತ ಪಾಸ್‌ವರ್ಡ್ ರಕ್ಷಣೆಯಲ್ಲಿ, ಉತ್ತರಗಳಿರುವ ಕಂಪ್ಯೂಟರಿನಿಂದ ಬೇರೆ ಕಡೆ ಇರಬೇಕು. ತಂತ್ರಾಂಶದ ಆಯ್ಕೆ ಸುಲಭ. ಸಂಖ್ಯಾಶಾಸ್ತ್ರಕ್ಕೆ ಬಳಸುವ ಆರ್ ಎಂಬ ಪ್ರೋಗ್ರಾಮಿಂಗ್ ಭಾಷೆಯ ಐಗ್ರಾಫ್ ಮತ್ತು ಎಸ್‌ಎನ್‌ಎ ಪ್ಯಾಕೇಜುಗಳು ಉಚಿತ, ನಕ್ಷೆ ಬಿಡಿಸಲು ಗೆಫಿ ಕೂಡ ಉಚಿತ, ಕೋಡ್ ಬರೆಯಲು ಹಿಂಜರಿಯುವವರಿಗೆ ವಿಂಡೋಸ್‌ನಲ್ಲಿ ನಡೆಯುವ ಯುಸಿನೆಟ್ ಹಿಡಿತಕ್ಕೆ ಬೇಗ ಸಿಗುತ್ತದೆ. ಇವೆಲ್ಲಕ್ಕಿಂತ ಮುಖ್ಯವಾದದ್ದು ಒಂದು ಟಿಪ್ಪಣಿ ಪುಸ್ತಕ. ಪ್ರಶ್ನಾವಳಿಯ ಒಂದು ಸಾಲನ್ನೂ ಬರೆಯುವ ಮೊದಲು ವಿಭಾಗದಲ್ಲಿ ಕೆಲವು ದಿನ ಸುಮ್ಮನೆ ನಿಂತು ನೋಡಿರಿ. ಯಂತ್ರ ನಿಂತಾಗ ಆಪರೇಟರ್ ಮೊದಲು ಯಾರ ಕಡೆ ತಿರುಗುತ್ತಾನೆ, ಪಾಳಿ ಬದಲಾಗುವ ಹತ್ತು ನಿಮಿಷದಲ್ಲಿ ಯಾವ ಮಾತು ನಡೆಯುತ್ತದೆ, ಪಿಂಪ್ರಿ-ಚಿಂಚ್‌ವಡದಿಂದ ಹೊರಡುವ ಕಂಪನಿ ಬಸ್ಸಿನಲ್ಲಿ ಯಾರ ಪಕ್ಕ ಯಾರು ಕೂರುತ್ತಾರೆ ಎಂಬುದನ್ನು ಬರೆದಿಟ್ಟುಕೊಳ್ಳಿರಿ. ಮುಂದೆ ನಿಮ್ಮ ಪ್ರಶ್ನೆಗಳ ಪದಗಳು ಬರಬೇಕಾದದ್ದು ಈ ಪುಸ್ತಕದಿಂದಲೇ.

ಹಂತ 1: ಸಂಶೋಧನಾ ಪ್ರಶ್ನೆಯನ್ನು ನಂಟುಗಳ ಮೂಲಕ ಬರೆಯಿರಿ

‘ಸಾಮಾಜಿಕ ಬಂಡವಾಳವು ಕಲಿಕೆಯ ಮೇಲೆ ಬೀರುವ ಪರಿಣಾಮ’ ಎಂಬುದು ವಿಷಯದ ಹೆಸರಷ್ಟೇ, ಪ್ರಶ್ನೆಯಲ್ಲ. ಯಾವ ನಂಟು, ಯಾರ ನಡುವೆ, ಯಾವ ಬಗೆಯ ಕಲಿಕೆಗೆ ಎಂಬ ಮೂರೂ ಒಂದೇ ವಾಕ್ಯದಲ್ಲಿ ಬರಬೇಕು. ಉದಾಹರಣೆಗೆ, ‘ಹೊಸ ಪ್ರೋಗ್ರಾಮಿಂಗ್ ತರಬೇತಿ ಪಡೆದ ಆಪರೇಟರುಗಳಲ್ಲಿ, ತಮ್ಮ ಪಾಳಿಯ ಹೊರಗಿನ ಅನುಭವಿಗಳೊಡನೆಯೂ ತಾಂತ್ರಿಕ ಸಲಹೆಯ ನಂಟು ಇರುವವರು, ಕಲಿತದ್ದನ್ನು ಮೂರು ತಿಂಗಳೊಳಗೆ ಯಂತ್ರದ ಮೇಲೆ ಹೆಚ್ಚಾಗಿ ಬಳಸುತ್ತಾರೆಯೇ?’ ಎಂದು ಕೇಳಬಹುದು.

ಇಲ್ಲಿ ಸಿದ್ಧಾಂತದ ಆಯ್ಕೆ ಅಲಂಕಾರಕ್ಕಲ್ಲ, ಯಾವುದನ್ನು ಎಣಿಸಬೇಕೆಂದು ತೀರ್ಮಾನಿಸುವುದು ಅದೇ. 1973ರಲ್ಲಿ ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್ ತೋರಿಸಿದ್ದು ದೂರದ, ದುರ್ಬಲ ನಂಟುಗಳ ಮೂಲಕ ಹೊಸ ಮಾಹಿತಿ ಬರುತ್ತದೆಂದು. 1988ರಲ್ಲಿ ಜೇಮ್ಸ್ ಕೋಲ್ಮನ್ ಒತ್ತು ಕೊಟ್ಟದ್ದು ಎಲ್ಲರೂ ಎಲ್ಲರನ್ನೂ ಬಲ್ಲ ಬಿಗಿಯಾದ ಗುಂಪಿನಲ್ಲಿ ಬೆಳೆಯುವ ನಂಬಿಕೆಗೆ. 1992ರಲ್ಲಿ ರೊನಾಲ್ಡ್ ಬರ್ಟ್ ಗಮನ ಸೆಳೆದದ್ದು ಪರಸ್ಪರ ನಂಟಿಲ್ಲದ ಗುಂಪುಗಳ ನಡುವಿನ ತೆರವಿನಲ್ಲಿ ನಿಂತವರಿಗೆ ದೊರೆಯುವ ಅನುಕೂಲದತ್ತ. ಈ ಮೂವರ ಹೆಸರನ್ನೂ ಒಂದೇ ಪರಿಚ್ಛೇದದಲ್ಲಿ ಉಲ್ಲೇಖಿಸಿ, ಮೂವರೂ ಒಂದೇ ಮಾತನ್ನು ಹೇಳಿದರೆಂಬಂತೆ ಬರೆಯುವುದು ನಾನು ಅತಿ ಹೆಚ್ಚು ಕಂಡಿರುವ ತಪ್ಪು. ಕೋಲ್ಮನ್ ದಾರಿಯಲ್ಲಿ ಹೋದರೆ ದಟ್ಟವಾದ ಜಾಲ ಕಲಿಕೆಗೆ ಒಳ್ಳೆಯದು, ಬರ್ಟ್ ದಾರಿಯಲ್ಲಿ ಹೋದರೆ ಅದೇ ದಟ್ಟತೆ ಒಂದು ಮಿತಿ. ನಿಮ್ಮ ಊಹೆ ಯಾವ ಕಡೆಗಿದೆ ಎಂದು ಮೊದಲೇ ಸ್ಪಷ್ಟವಾಗಿ ಬರೆಯಲೇಬೇಕು.

ಕಲಿಕೆಯ ಅಧ್ಯಯನಕ್ಕೆ ಬಹಳ ಉಪಯುಕ್ತವಾದ ವಿವೇಚನೆ 1999ರಲ್ಲಿ ಮಾರ್ಟೆನ್ ಹ್ಯಾನ್ಸನ್ ಪ್ರಕಟಿಸಿದ ಅಧ್ಯಯನದಲ್ಲಿದೆ. ದೊಡ್ಡ ಎಲೆಕ್ಟ್ರಾನಿಕ್ಸ್ ಕಂಪನಿಯೊಂದರ 41 ವಿಭಾಗಗಳ 120 ಉತ್ಪನ್ನಾಭಿವೃದ್ಧಿ ಯೋಜನೆಗಳನ್ನು ಪರಿಶೀಲಿಸಿ ಅವರು ಕಂಡುಕೊಂಡದ್ದು, ಬೇಕಾದ ಜ್ಞಾನ ಎಲ್ಲಿದೆಯೆಂದು ಹುಡುಕಲು ದುರ್ಬಲ ನಂಟು ನೆರವಾಗುತ್ತದೆ, ಆದರೆ ಬಿಡಿಸಿ ಹೇಳಲು ಕಷ್ಟವಾದ ಸಂಕೀರ್ಣ ಜ್ಞಾನ ಒಬ್ಬರಿಂದ ಇನ್ನೊಬ್ಬರಿಗೆ ದಾಟಬೇಕಾದರೆ ಗಟ್ಟಿ ನಂಟು ಬೇಕಾಗುತ್ತದೆ ಎಂದು. ಹಾಗಾದರೆ ನೀವು ಅಳೆಯುತ್ತಿರುವ ಕಲಿಕೆ ಯಾವ ಬಗೆಯದು? ಹೊಸ ಸುರಕ್ಷತಾ ನಿಯಮದ ಸುದ್ದಿ ತಲುಪುವುದು ಬೇರೆ, ಉಪಕರಣ ಸವೆಯುತ್ತಿರುವುದನ್ನು ಶಬ್ದದಿಂದಲೇ ಗುರುತಿಸುವ ಕೌಶಲ ಬರುವುದು ಬೇರೆ. ಎರಡಕ್ಕೂ ಒಂದೇ ಊಹೆ ಹೊಂದುವುದಿಲ್ಲ.

ಜಾಲದ ರಚನೆಯಷ್ಟೇ ಬಂಡವಾಳವಲ್ಲ ಎಂಬುದನ್ನೂ ನೆನಪಿನಲ್ಲಿಡಬೇಕು. ಜನೀನ್ ನಹಾಪಿಯೆಟ್ ಮತ್ತು ಸುಮಂತ್ರ ಘೋಷಾಲ್ 1998ರಲ್ಲಿ ಅದಕ್ಕೆ ಮೂರು ಮುಖಗಳನ್ನು ಗುರುತಿಸಿದರು: ನಂಟುಗಳ ರಚನೆ, ಆ ನಂಟಿನೊಳಗಿನ ನಂಬಿಕೆ ಮತ್ತು ಋಣಭಾವ, ಹಾಗೂ ಇಬ್ಬರಿಗೂ ಸಮಾನವಾದ ಭಾಷೆ ಮತ್ತು ಅರಿವು. ಚಾಕಣದ ವಿಭಾಗದಲ್ಲಿ ಕನ್ನಡ, ಮರಾಠಿ, ಹಿಂದಿ ಮೂರೂ ನಡೆಯುವಾಗ ಮೂರನೆಯ ಮುಖವನ್ನು ಬಿಟ್ಟುಬಿಡುವುದು ದೊಡ್ಡ ನಷ್ಟ. ಗಡಿಭಾಗದಿಂದ ಬಂದು ಎರಡು ಭಾಷೆಗಳನ್ನು ಸರಾಗವಾಗಿ ಆಡುವ ಆಪರೇಟರ್, ಹುದ್ದೆಯಲ್ಲಿ ಕಿರಿಯನಾಗಿದ್ದರೂ, ಎರಡು ಗುಂಪುಗಳ ನಡುವಿನ ಕಲಿಕೆಗೆ ಏಕೈಕ ದಾರಿಯಾಗಿರುವುದು ಸಾಧ್ಯ.

ಎಚ್ಚರಿಕೆಯ ಸೂಚನೆ: ನಿಮ್ಮ ಪ್ರಶ್ನೆಯಿಂದ ‘ಜಾಲ’ ಎಂಬ ಪದವನ್ನು ತೆಗೆದು ‘ವಾತಾವರಣ’ ಎಂದು ಬರೆದರೂ ಅರ್ಥ ಕೆಡದಿದ್ದರೆ, ಆ ಪ್ರಶ್ನೆಗೆ ಜಾಲ ವಿಶ್ಲೇಷಣೆ ಬೇಕಾಗಿಲ್ಲ. ಅಂಥ ಸಂದರ್ಭದಲ್ಲಿ ಸಾಮಾನ್ಯ ಸಮೀಕ್ಷೆಯನ್ನೇ ಚೆನ್ನಾಗಿ ಮಾಡುವುದು ಪ್ರಾಮಾಣಿಕವಾದ ದಾರಿ.

ಹಂತ 2: ಗಡಿಯನ್ನು ಗೊತ್ತುಮಾಡಿರಿ

ಯಾರು ಜಾಲದ ಒಳಗೆ, ಯಾರು ಹೊರಗೆ ಎಂಬ ತೀರ್ಮಾನ ಸಂಶೋಧಕರದು. ಮಾನವ ಸಂಪನ್ಮೂಲ ವಿಭಾಗ ಕೊಟ್ಟ ಪಟ್ಟಿಯನ್ನೇ ಗಡಿಯೆಂದು ಒಪ್ಪಿಕೊಂಡರೆ ಆ ತೀರ್ಮಾನವನ್ನು ಬೇರೆಯವರಿಗೆ ಬಿಟ್ಟುಕೊಟ್ಟಂತೆ. ಅಂಥ ಪಟ್ಟಿಯಲ್ಲಿ ಸಾಮಾನ್ಯವಾಗಿ ಕಾಯಂ ನೌಕರರು ಮಾತ್ರ ಇರುತ್ತಾರೆ. ಗುತ್ತಿಗೆ ಕಾರ್ಮಿಕರು ಗುತ್ತಿಗೆದಾರನ ಪಟ್ಟಿಯಲ್ಲಿ, ಅಪ್ರೆಂಟಿಸ್‌ಗಳು ತರಬೇತಿ ವಿಭಾಗದ ಬೇರೊಂದು ಪಟ್ಟಿಯಲ್ಲಿ ಇರುತ್ತಾರೆ. ಯಂತ್ರದ ಮುಂದೆ ನಿಲ್ಲುವವರು ಮಾತ್ರ ಈ ಮೂರೂ ಪಟ್ಟಿಗಳವರು. ಹತ್ತು ವರ್ಷದಿಂದ ಅದೇ ಯಂತ್ರದಲ್ಲಿರುವ ಗುತ್ತಿಗೆ ಕಾರ್ಮಿಕನ ಬಳಿ ಹೊಸ ಡಿಪ್ಲೊಮಾ ಟ್ರೇನಿಗಳೆಲ್ಲ ಕಲಿಯುತ್ತಿದ್ದು, ಆತನೇ ಪಟ್ಟಿಯಲ್ಲಿ ಇಲ್ಲದಿದ್ದರೆ, ನಿಮ್ಮ ನಕ್ಷೆಯಲ್ಲಿ ಆ ಟ್ರೇನಿಗಳು ಯಾರಿಂದಲೂ ಕಲಿಯದ ಒಂಟಿಗಳಾಗಿ ಕಾಣುತ್ತಾರೆ. ಈ ತಪ್ಪನ್ನು ಮುಂದೆ ಯಾವ ಲೆಕ್ಕಾಚಾರದಿಂದಲೂ ಸರಿಪಡಿಸಲಾಗದು.

ಆದ್ದರಿಂದ ಮೂರೂ ಪಟ್ಟಿಗಳನ್ನು ತರಿಸಿ, ಪಾಳಿಯ ಹಾಜರಿ ಪುಸ್ತಕದೊಡನೆ ಹೋಲಿಸಿ ಒಂದೇ ಪಟ್ಟಿ ಮಾಡಿರಿ. ಗುಣಮಟ್ಟ, ನಿರ್ವಹಣೆ, ಟೂಲ್ ರೂಮ್ ಮುಂತಾದ ಪಕ್ಕದ ವಿಭಾಗಗಳವರನ್ನು ಸೇರಿಸಬೇಕೋ ಬೇಡವೋ ಎಂಬುದಕ್ಕೆ ನಿಮ್ಮ ಟಿಪ್ಪಣಿ ಪುಸ್ತಕವೇ ಉತ್ತರ ಕೊಡುತ್ತದೆ. ಪಟ್ಟಿಯ ಕೊನೆಯಲ್ಲಿ ಹೊರಗಿನವರ ಹೆಸರು ಬರೆಯಲು ಜಾಗ ಬಿಡಿರಿ. ಯಂತ್ರ ಕಂಪನಿಯ ಸರ್ವಿಸ್ ಎಂಜಿನಿಯರ್, ಕೆಲಸ ಬಿಟ್ಟು ಬೇರೆ ಕಾರ್ಖಾನೆಗೆ ಹೋದ ಹಳೆಯ ಸಹೋದ್ಯೋಗಿ, ಊರಿನ ವಾಟ್ಸಾಪ್ ಗುಂಪಿನ ಗೆಳೆಯ ಇಂಥವರು ಕಲಿಕೆಯ ನಿಜವಾದ ಮೂಲಗಳಾಗಿರುವುದು ಅಪರೂಪವೇನಲ್ಲ.

ಗಡಿ ಗೊತ್ತುಮಾಡಲು ಸಾಧ್ಯವೇ ಇಲ್ಲದಿದ್ದರೆ, ಉದಾಹರಣೆಗೆ ಪುಣೆಯ ಹಿಂಜವಡಿಯ ಸಾವಿರಾರು ಜನರ ಸಾಫ್ಟ್‌ವೇರ್ ಸಂಸ್ಥೆಯಲ್ಲಿ, ಪೂರ್ಣ ಜಾಲದ, ಅಂದರೆ ಗಡಿಯೊಳಗಿನ ಎಲ್ಲರ ನಡುವಿನ ನಂಟುಗಳನ್ನೂ ದಾಖಲಿಸುವ ಆಸೆ ಬಿಟ್ಟು ವ್ಯಕ್ತಿಕೇಂದ್ರಿತ ಜಾಲವನ್ನು ಅಳೆಯಿರಿ. ಅಂದರೆ ಮಾದರಿಯಾಗಿ ಆಯ್ದ ಒಬ್ಬೊಬ್ಬರನ್ನೂ ಅವರು ಯಾರಿಂದ ಕಲಿಯುತ್ತಾರೆ, ಆ ಜನರಲ್ಲಿ ಯಾರು ಯಾರಿಗೆ ಪರಿಚಿತರು ಎಂದು ಕೇಳುವುದು. ಅದಕ್ಕೆ ಸಾಮಾನ್ಯ ಮಾದರಿ ವಿಧಾನಗಳು ಒಗ್ಗುತ್ತವೆ. ಪೂರ್ಣ ಜಾಲಕ್ಕೆ ಮಾದರಿ ಒಗ್ಗುವುದಿಲ್ಲ. 60 ಜನರಲ್ಲಿ 20 ಜನರನ್ನು ಆರಿಸಿ ಅದನ್ನು ವಿಭಾಗದ ಜಾಲವೆಂದು ಕರೆಯುವಂತಿಲ್ಲ.

ಹಂತ 3: ಅನುಮತಿ, ಸಮ್ಮತಿ ಮತ್ತು ಗೋಪ್ಯತೆ

ಜಾಲದ ಸಮೀಕ್ಷೆ ಅನಾಮಧೇಯವಾಗಿರಲು ಸಾಧ್ಯವಿಲ್ಲ. ಉತ್ತರಿಸಿದವರು ಯಾರು, ಅವರು ಹೆಸರಿಸಿದ್ದು ಯಾರನ್ನು ಎಂದು ತಿಳಿಯದೆ ನಂಟನ್ನು ಬರೆಯಲಾಗದು. ಹೀಗಿದ್ದೂ ‘ನಿಮ್ಮ ಗುರುತು ಯಾರಿಗೂ ತಿಳಿಯುವುದಿಲ್ಲ’ ಎಂದು ಮುಖಪುಟದಲ್ಲಿ ಅಚ್ಚುಹಾಕುವುದು ಸುಳ್ಳು ಆಶ್ವಾಸನೆ. ‘ನಿಮ್ಮ ಹೆಸರು ಸಂಶೋಧಕರಿಗೆ ಮಾತ್ರ ತಿಳಿದಿರುತ್ತದೆ, ವರದಿಯಲ್ಲಿ ಬರುವುದಿಲ್ಲ, ಮೇಲಧಿಕಾರಿಗಳಿಗೆ ಕೊಡುವುದಿಲ್ಲ’ ಎಂದು ಇರುವುದನ್ನು ಇದ್ದಂತೆ ಹೇಳಿರಿ.

ಇನ್ನೊಂದು ತೊಡಕಿದೆ. ಉತ್ತರಿಸಲು ಒಪ್ಪದವನ ಹೆಸರನ್ನೂ ಉಳಿದವರು ಬರೆಯಬಲ್ಲರು. ಸ್ಟೀವ್ ಬೊರ್ಗಾಟಿ ಮತ್ತು ಹೋಸೆ ಲೂಯಿಸ್ ಮೋಲಿನಾ 2003ರಲ್ಲಿಯೇ ಚರ್ಚಿಸಿದ ಸಮಸ್ಯೆಯಿದು. ನನ್ನ ಅಭಿಪ್ರಾಯ ಸ್ಪಷ್ಟವಾಗಿದೆ: ಪಟ್ಟಿಯಲ್ಲಿ ತನ್ನ ಹೆಸರು ಇರುವುದೇ ಬೇಡವೆನ್ನುವವರ ಹೆಸರನ್ನು ತೆಗೆದುಬಿಡಬೇಕು, ದತ್ತಾಂಶ ಎಷ್ಟೇ ಹಾಳಾಗಲಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಸಂಶೋಧನೆಗೆ ಕೊಡುವ ವಿನಾಯಿತಿಯೂ, ಆ ದತ್ತಾಂಶವನ್ನು ನಿರ್ದಿಷ್ಟ ವ್ಯಕ್ತಿಯೊಬ್ಬರ ಬಗ್ಗೆ ತೀರ್ಮಾನ ತೆಗೆದುಕೊಳ್ಳಲು ಬಳಸಬಾರದೆಂಬ ಷರತ್ತಿನೊಡನೆಯೇ ಬರುತ್ತದೆ. ಬಡ್ತಿ, ವರ್ಗಾವಣೆ, ಗುತ್ತಿಗೆಯ ನವೀಕರಣ ಯಾವುದಕ್ಕೂ ಈ ಉತ್ತರಗಳನ್ನು ಬಳಸುವುದಿಲ್ಲವೆಂದು ಆಡಳಿತದಿಂದ ಬರವಣಿಗೆಯಲ್ಲಿ ಪಡೆಯಿರಿ. ಅದನ್ನು ಕೊಡಲು ಸಂಸ್ಥೆ ಹಿಂದೇಟು ಹಾಕಿದರೆ ಆ ಸಂಸ್ಥೆಯಲ್ಲಿ ಅಧ್ಯಯನ ಬೇಡ. ಗುತ್ತಿಗೆ ಕಾರ್ಮಿಕರಿಗೆ ಇದು ಅನ್ನದ ಪ್ರಶ್ನೆ.

ಹಂತ 4: ಹೆಸರು ಕೇಳುವ ಪ್ರಶ್ನೆಯನ್ನು ರೂಪಿಸಿರಿ

ಇಡೀ ಅಧ್ಯಯನ ನಿಂತಿರುವುದು ಈ ಹಂತದ ಮೇಲೆ. ಎಷ್ಟು ಸಮಯ ಕೊಟ್ಟರೂ ಹೆಚ್ಚಲ್ಲ.

ಮೊದಲನೆಯದಾಗಿ, ಪ್ರಶ್ನೆ ನಡವಳಿಕೆಯ ಬಗ್ಗೆ ಇರಲಿ. ‘ನೀವು ಯಾರಿಂದ ಕಲಿಯುತ್ತೀರಿ?’ ಎಂದು ಕೇಳಿದರೆ ಬಹುತೇಕರು ಗೌರವಕ್ಕಾಗಿ ಮೇಲ್ವಿಚಾರಕರ ಹೆಸರನ್ನೂ ಹಿರಿಯರ ಹೆಸರನ್ನೂ ಬರೆಯುತ್ತಾರೆ, ಏಕೆಂದರೆ ಹಾಗೆ ಬರೆಯದಿರುವುದು ಅವಿಧೇಯತೆಯಂತೆ ತೋರುತ್ತದೆ. ‘ಕಳೆದ ಮೂರು ತಿಂಗಳಲ್ಲಿ, ಪ್ರೋಗ್ರಾಮ್ ಅಥವಾ ಸೆಟ್ಟಿಂಗ್‌ನಲ್ಲಿ ತೊಡಕು ಬಂದಾಗ, ನೀವು ಸಾಮಾನ್ಯವಾಗಿ ಯಾರ ಬಳಿ ಹೋಗಿ ಕೇಳಿದ್ದೀರಿ?’ ಎಂದಾಗ ಕಣ್ಣ ಮುಂದೆ ಬರುವುದು ಯಂತ್ರದ ಪಕ್ಕದ ಮನುಷ್ಯ. ‘ಸಾಮಾನ್ಯವಾಗಿ’ ಎಂಬ ಮಾತಿಗೆ ಇಲ್ಲಿ ಕಾರಣವಿದೆ. ನಿರ್ದಿಷ್ಟ ದಿನದ ಘಟನೆಯನ್ನು ಜನ ತಪ್ಪಾಗಿ ನೆನೆಯುತ್ತಾರೆ, ಮತ್ತೆ ಮತ್ತೆ ನಡೆಯುವ ವಾಡಿಕೆಯನ್ನು ಬಹುಮಟ್ಟಿಗೆ ಸರಿಯಾಗಿ ನೆನೆಯುತ್ತಾರೆ. ಲಿಂಟನ್ ಫ್ರೀಮನ್ ಮತ್ತು ಅವರ ಸಹಸಂಶೋಧಕರು 1987ರಲ್ಲಿ ಇದನ್ನು ತೋರಿಸಿಕೊಟ್ಟಿದ್ದಾರೆ.

ಎರಡನೆಯದಾಗಿ, ಒಂದು ಪ್ರಶ್ನೆಗೆ ಒಂದೇ ಬಗೆಯ ನಂಟು. ‘ಸಲಹೆ ಮತ್ತು ಬೆಂಬಲಕ್ಕಾಗಿ ಯಾರನ್ನು ಸಂಪರ್ಕಿಸುತ್ತೀರಿ?’ ಎಂದರೆ ಎರಡು ಜಾಲಗಳು ಬೆರೆತುಹೋಗುತ್ತವೆ. ಕಲಿಕೆಯ ಅಧ್ಯಯನಕ್ಕೆ ಮೂರು ಪ್ರಶ್ನೆಗಳು ಸಾಕೆಂಬುದು ನನ್ನ ಅನುಭವ: ತಾಂತ್ರಿಕ ತೊಡಕಿನಲ್ಲಿ ಯಾರನ್ನು ಕೇಳುತ್ತೀರಿ, ನಿಮ್ಮ ಕೆಲಸ ನೋಡಿ ಎಲ್ಲಿ ಸರಿ, ಎಲ್ಲಿ ತಪ್ಪು ಎಂದು ಹೇಳುವವರು ಯಾರು, ನೀವು ಮಾಡಿದ ತಪ್ಪನ್ನು ಅಂಜಿಕೆಯಿಲ್ಲದೆ ಯಾರ ಬಳಿ ಹೇಳಿಕೊಳ್ಳಬಲ್ಲಿರಿ. ಮೂರನೆಯ ಪ್ರಶ್ನೆ ನಂಬಿಕೆಯನ್ನು ಎಲ್ಲ ಅಂಕದ ಮಾಪನಗಳಿಗಿಂತ ನಿಖರವಾಗಿ ಹಿಡಿಯುತ್ತದೆ ಎಂದು ನಾನು ದೃಢವಾಗಿ ನಂಬಿದ್ದೇನೆ. ಕಾರ್ಖಾನೆಯಲ್ಲಿ ತಪ್ಪನ್ನು ಒಪ್ಪಿಕೊಳ್ಳಲು ಜಾಗವಿರುವ ಕಡೆಯೇ ಕಲಿಕೆ ನಡೆಯುತ್ತದೆ.

ಮೂರನೆಯದಾಗಿ, ನೆನಪಿನಿಂದ ಹೆಸರಿಸಲು ಬಿಡದೆ ಪಟ್ಟಿಯನ್ನು ಮುಂದಿಡಿರಿ. ನೆನಪಿನಿಂದ ಬರೆದಾಗ ಗಟ್ಟಿ ನಂಟುಗಳು ಉಳಿದು ದುರ್ಬಲ ನಂಟುಗಳು ಬಿಟ್ಟುಹೋಗುತ್ತವೆ, ಗ್ರಾನೊವೆಟರ್ ಪ್ರಕಾರ ಹೊಸ ಮಾಹಿತಿ ತರುವುದು ಅವುಗಳೇ ತಾನೆ. 60 ಹೆಸರಿನ ಪಟ್ಟಿಯನ್ನು ಯಾರಾದರೂ ತಾಳ್ಮೆಯಿಂದ ಓದಬಲ್ಲರು. ಇನ್ನೂರು ದಾಟಿದರೆ ಆಯಾಸವಾಗುತ್ತದೆ, ಆಗ ವಿಭಾಗವಾರು ವಿಂಗಡಿಸಿ ಕೊಡಿರಿ. ಪುಣೆಯ ಯಾವ ಕಾರ್ಖಾನೆಯಲ್ಲಾದರೂ ಮೂರು ನಾಲ್ಕು ಪಾಟೀಲರು, ಇಬ್ಬರು ಕುಲಕರ್ಣಿಗಳು ಇದ್ದೇ ಇರುತ್ತಾರೆ, ಮೇಲಾಗಿ ಎಷ್ಟೋ ಮಂದಿ ‘ಅಣ್ಣಾ’, ‘ಭಾವು’, ‘ಮಾಮಾ’ ಎಂದೇ ಪರಿಚಿತರು. ಪೂರ್ಣ ಹೆಸರಿನ ಪಕ್ಕದಲ್ಲಿ ಪಾಳಿ, ಯಂತ್ರದ ಸಾಲು, ಕರೆಯುವ ಹೆಸರು ಈ ಮೂರನ್ನೂ ಕೊಡಿರಿ.

ನಾಲ್ಕನೆಯದಾಗಿ, ‘ಐದು ಜನರನ್ನು ಹೆಸರಿಸಿ’ ಎಂಬ ಮಿತಿ ಬೇಡ. ಮಿತಿ ಹಾಕಿದರೆ ಇಬ್ಬರೇ ಇರುವವನು ಐದು ತುಂಬಿಸುತ್ತಾನೆ, ಹನ್ನೆರಡು ಜನರಿರುವವನು ಏಳು ಮಂದಿಯನ್ನು ಬಿಡುತ್ತಾನೆ, ಎಲ್ಲರ ಜಾಲವೂ ಒಂದೇ ಗಾತ್ರದ್ದಾಗಿ ಕಾಣುತ್ತದೆ.

ಹೆಸರಿಸಿದ ಪ್ರತಿಯೊಬ್ಬರ ಬಗ್ಗೆಯೂ ಮುಂದಿನ ಕೆಲವು ಕಿರು ಪ್ರಶ್ನೆಗಳಿರಬೇಕು. ಬೊರ್ಗಾಟಿ ಮತ್ತು ರಾಬ್ ಕ್ರಾಸ್ 2003ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಒಬ್ಬರ ಬಳಿ ಮಾಹಿತಿ ಕೇಳಲು ಹೋಗುವುದು ಮೂರು ಸಂಗತಿಗಳನ್ನು ಅವಲಂಬಿಸಿದೆಯೆಂದು ಕಂಡುಬಂತು: ಆ ವ್ಯಕ್ತಿಗೆ ಏನು ಗೊತ್ತಿದೆಯೆಂಬ ತಿಳಿವಳಿಕೆ, ಆ ಜ್ಞಾನಕ್ಕೆ ಕೊಡುವ ಬೆಲೆ, ಬೇಕಾದಾಗ ಆತ ಕೈಗೆ ಸಿಗುವನೆಂಬ ಭರವಸೆ. ಕೇಳಿದ್ದರಿಂದ ಬೀಳುವ ಹೊರೆ ಅಥವಾ ಋಣ ಕೂಡ ಪರಿಣಾಮ ಬೀರುತ್ತದೆಂಬ ಅವರ ಊಹೆಗೆ ಮಾತ್ರ ಆಧಾರ ದೊರೆಯಲಿಲ್ಲ. ತರಬೇತಿ ವಿಭಾಗದವರಿಗೆ ಈ ಮೂರೂ ಪ್ರಶ್ನೆಗಳು ಬಹಳ ಬೆಲೆಯುಳ್ಳವು, ಏಕೆಂದರೆ ಪ್ರತಿಯೊಂದರ ಪರಿಹಾರವೂ ಬೇರೆ. ಮೂರನೇ ಪಾಳಿಯವರಿಗೆ ಅನುಭವಿಯ ಜ್ಞಾನದ ಬಗ್ಗೆ ತಿಳಿದಿದೆ, ಗೌರವವೂ ಇದೆ, ಆದರೆ ಆತ ಯಾವಾಗಲೂ ಮೊದಲ ಪಾಳಿಯಲ್ಲಿರುತ್ತಾನೆ ಎಂದಾದರೆ, ಇನ್ನೊಂದು ತರಬೇತಿ ಕಾರ್ಯಕ್ರಮದಿಂದ ಪ್ರಯೋಜನವಿಲ್ಲ, ಪಾಳಿಯ ಪಟ್ಟಿಯನ್ನೇ ಬದಲಾಯಿಸಬೇಕು.

ನಂಟಿನ ಬಲವನ್ನು ‘ಆಗಾಗ’, ‘ಅಪರೂಪಕ್ಕೆ’ ಎಂಬ ಪದಗಳಿಗೆ ಬಿಡದೆ ಕಾಲದ ಅಳತೆಯಲ್ಲಿ ಕೇಳಿರಿ. ಗ್ರಾನೊವೆಟರ್ ತಮ್ಮ ಅಧ್ಯಯನದಲ್ಲಿ ವಾರಕ್ಕೆ ಕನಿಷ್ಠ ಎರಡು ಸಲ ಭೇಟಿಯಾಗುವುದನ್ನು ‘ಆಗಾಗ’ ಎಂದೂ, ವರ್ಷಕ್ಕೊಮ್ಮೆ ಅಥವಾ ಅದಕ್ಕೂ ಕಡಿಮೆಯನ್ನು ‘ಅಪರೂಪ’ ಎಂದೂ ಗೊತ್ತುಮಾಡಿಕೊಂಡಿದ್ದರು. ಒಂದೇ ವಿಭಾಗದೊಳಗೆ ಅದೇ ಅಳತೆ ಹೊಂದುವುದಿಲ್ಲ. ‘ದಿನವೂ, ವಾರಕ್ಕೊಮ್ಮೆ, ತಿಂಗಳಿಗೊಮ್ಮೆ, ಅದಕ್ಕಿಂತ ಕಡಿಮೆ’ ಎಂಬುದು ಕಾರ್ಖಾನೆಗೆ ಸರಿಹೋಗುತ್ತದೆ.

ಕೊನೆಯದಾಗಿ, ಕನ್ನಡ, ಮರಾಠಿ, ಹಿಂದಿ ಮೂರೂ ಭಾಷೆಗಳ ಪ್ರಶ್ನೆಗಳನ್ನು ಆಯಾ ಭಾಷೆಯ ಇಬ್ಬಿಬ್ಬರು ಕಾರ್ಮಿಕರ ಮುಂದೆ ಓದಿ, ‘ಇದನ್ನು ಕೇಳಿದಾಗ ನಿಮಗೆ ಏನು ಅನ್ನಿಸಿತು?’ ಎಂದು ವಿಚಾರಿಸಿರಿ. ಎಚ್ಚರಿಕೆಯ ಸೂಚನೆ: ಪ್ರಾಯೋಗಿಕ ಪರೀಕ್ಷೆಯಲ್ಲಿ ಎಲ್ಲರೂ ಮೊದಲು ಮೇಲ್ವಿಚಾರಕರನ್ನೇ ಹೆಸರಿಸಿದರೆ ಪ್ರಶ್ನೆ ಇನ್ನೂ ಹದಕ್ಕೆ ಬಂದಿಲ್ಲ.

ಹಂತ 5: ಉತ್ತರಗಳನ್ನು ಸಂಗ್ರಹಿಸಿರಿ

ಸಾಮಾನ್ಯ ಸಮೀಕ್ಷೆಯಲ್ಲಿ ಅರ್ಧದಷ್ಟು ಜನ ಉತ್ತರಿಸಿದರೂ ಹೇಗೋ ಸಾಗಬಹುದು. ಪೂರ್ಣ ಜಾಲದಲ್ಲಿ ಸಾಗದು. ಲೆಕ್ಕ ಹೀಗಿದೆ: 60 ಜನರಲ್ಲಿ ಒಟ್ಟು 1,770 ಜೋಡಿಗಳಿವೆ. 48 ಜನ, ಅಂದರೆ ನೂರಕ್ಕೆ 80 ಮಂದಿ, ಉತ್ತರಿಸಿದರೆ ಎರಡೂ ಕಡೆಯ ಮಾತು ದೊರೆಯುವುದು 1,128 ಜೋಡಿಗಳದ್ದು ಮಾತ್ರ, ನೂರಕ್ಕೆ ಸುಮಾರು 64. ಉತ್ತರಿಸದ 12 ಜನರ ನಡುವಿನ 66 ಜೋಡಿಗಳ ಬಗ್ಗೆ ಏನೂ ತಿಳಿಯುವುದಿಲ್ಲ. ಆ ಹನ್ನೆರಡರಲ್ಲಿ ಒಬ್ಬ ಎರಡು ಗುಂಪುಗಳ ನಡುವಿನ ಸೇತುವೆಯಾಗಿದ್ದರೆ ಇಡೀ ನಕ್ಷೆಯ ಅರ್ಥವೇ ತಿರುಗಿಹೋಗುತ್ತದೆ. ಆದ್ದರಿಂದ ನೂರಕ್ಕೆ 80ನ್ನು ಕನಿಷ್ಠ ಗುರಿಯೆಂದು ಇಟ್ಟುಕೊಂಡು, 90ಕ್ಕಾಗಿ ಶ್ರಮಿಸಿರಿ.

ಲಿಂಕ್ ಕಳಿಸಿ ಕಾಯುವುದರಿಂದ ಈ ಪ್ರಮಾಣ ಬರುವುದಿಲ್ಲ. ಪಾಳಿ ಆರಂಭವಾದ ಕೂಡಲೇ, ಮೇಲ್ವಿಚಾರಕರು ಇಲ್ಲದ ಕೋಣೆಯಲ್ಲಿ, ಕೆಲಸದ ಸಮಯದಲ್ಲಿಯೇ ಇಪ್ಪತ್ತು ನಿಮಿಷ ಬಿಡಿಸಿಕೊಂಡು, ಎದುರಿಗೆ ಕೂತು ಕೇಳಿರಿ. ದಿನಗಳನ್ನು ಆರಿಸುವಾಗ ಊರಿನ ಪಂಚಾಂಗ ನೋಡಿರಿ. ಪಿಂಪ್ರಿ-ಚಿಂಚ್‌ವಡ ಸುತ್ತಿನ ಎಷ್ಟೋ ಕಾರ್ಖಾನೆಗಳಿಗೆ ವಾರದ ರಜೆ ಗುರುವಾರ. ಜ್ಯೇಷ್ಠದ ಕೊನೆಯ ಭಾಗದಲ್ಲಿ ದೇಹು ಮತ್ತು ಆಳಂದಿಯಿಂದ ಪಂಢರಪುರಕ್ಕೆ ಪಾಲಖಿಗಳು, ಅಂದರೆ ಸಂತರ ಪಾದುಕೆಯ ಪಲ್ಲಕ್ಕಿಗಳು, ಹೊರಡುವ ದಿನಗಳಲ್ಲಿ ರಸ್ತೆಗಳು ಮುಚ್ಚಿ ಹಾಜರಿ ತೆಳ್ಳಗಾಗುತ್ತದೆ, ಗಣೇಶೋತ್ಸವದಲ್ಲೂ ಹಾಗೆಯೇ. ದೀಪಾವಳಿಗೆ ಮತ್ತು ಛಠ್ ಪೂಜೆಗೆ ಊರಿಗೆ ಹೋದವರು ಮರಳುವವರೆಗೆ ಕಾಯುವುದು ಒಳ್ಳೆಯದು, ಇಲ್ಲದಿದ್ದರೆ ಒಂದೇ ಪ್ರಾಂತದವರು ಒಟ್ಟಾಗಿ ಬಿಟ್ಟುಹೋಗುತ್ತಾರೆ.

ಹಂತ 6: ಕೋಷ್ಟಕ ಸಿದ್ಧಪಡಿಸಿರಿ

ಎರಡು ಕಡತಗಳು ಸಾಕು. ಒಂದರಲ್ಲಿ ಪ್ರತಿ ನಂಟಿಗೂ ಒಂದು ಸಾಲು: ಹೆಸರಿಸಿದವನ ಸಂಕೇತ, ಹೆಸರಿಸಲ್ಪಟ್ಟವನ ಸಂಕೇತ, ನಂಟಿನ ಬಗೆ, ಆವರ್ತನ. ಇನ್ನೊಂದರಲ್ಲಿ ಪ್ರತಿ ವ್ಯಕ್ತಿಗೂ ಒಂದು ಸಾಲು: ಪಾಳಿ, ಮಾತೃಭಾಷೆ, ಅನುಭವದ ವರ್ಷ, ನೇಮಕಾತಿಯ ಬಗೆ, ತರಬೇತಿ ಪಡೆದದ್ದು. ದಿಕ್ಕನ್ನು ಒಮ್ಮೆ ಗೊತ್ತುಮಾಡಿ ಕಡತದ ತಲೆಯಲ್ಲೇ ಬರೆದಿಡಿರಿ, ಏಕೆಂದರೆ ಅದು ಅರ್ಧದಾರಿಯಲ್ಲಿ ತಿರುಗಿದರೆ ಕಲಿಸುವವರೆಲ್ಲ ಕಲಿಯುವವರಾಗಿಬಿಡುತ್ತಾರೆ. ಉತ್ತರಿಸದವರ ಸಾಲುಗಳನ್ನು ಸೊನ್ನೆಯಿಂದ ತುಂಬಬೇಡಿರಿ. ‘ನಂಟಿಲ್ಲ’ ಎನ್ನುವುದೂ ‘ತಿಳಿದಿಲ್ಲ’ ಎನ್ನುವುದೂ ಬೇರೆ ಬೇರೆ. ಒಬ್ಬ ಹೆಸರಿಸಿ ಇನ್ನೊಬ್ಬ ಹೆಸರಿಸದ ನಂಟನ್ನು ದೋಷವೆಂದು ತಿದ್ದಬೇಡಿರಿ. ಸಲಹೆಯ ನಂಟು ಸ್ವಭಾವತಃ ಒಮ್ಮುಖ.

ಹಂತ 7: ವಿಶ್ಲೇಷಣೆ

ಬಣ್ಣಬಣ್ಣದ ನಕ್ಷೆ ಬಿಡಿಸಿ, ಅದರ ನಡುವೆ ಕಾಣುವವರನ್ನು ಮುಖ್ಯರೆಂದು ಬರೆಯುವ ಆತುರ ಎಲ್ಲರಿಗೂ ಇರುತ್ತದೆ. ನಕ್ಷೆಯಲ್ಲಿ ಚುಕ್ಕೆ ಎಲ್ಲಿ ಕೂರುತ್ತದೆಂಬುದು ಬಹುಪಾಲು ತಂತ್ರಾಂಶದ ವಿನ್ಯಾಸ ಸೂತ್ರದ ಆಯ್ಕೆ. ಅದೇ ದತ್ತಾಂಶವನ್ನು ಇನ್ನೊಂದು ಸೂತ್ರದಲ್ಲಿ ಬಿಡಿಸಿದರೆ ಬೇರೆ ಚಿತ್ರ ಬರುತ್ತದೆ. ನಕ್ಷೆಯಿಂದ ಪ್ರಶ್ನೆಗಳನ್ನು ಹುಟ್ಟಿಸಿಕೊಳ್ಳಿರಿ, ಉತ್ತರಗಳನ್ನು ಅಳತೆಗಳಿಂದ ಪಡೆಯಿರಿ.

ಅಳತೆ ಮೊದಲ ಹಂತದ ಪ್ರಶ್ನೆಗೆ ಹೊಂದಬೇಕು. ಯಾರ ಬಳಿ ಹೆಚ್ಚು ಜನ ಬರುತ್ತಾರೆ ಎಂಬುದಕ್ಕೆ ಒಳಬರುವ ನಂಟುಗಳ ಎಣಿಕೆ. ಬೇರೆ ಬೇರೆ ಗುಂಪುಗಳ ನಡುವೆ ನಿಂತವರು ಯಾರು ಎಂಬುದಕ್ಕೆ ಮಧ್ಯಸ್ಥ ಕೇಂದ್ರೀಯತೆ (ಇತರರ ನಡುವಿನ ಕಿರುದಾರಿಗಳಲ್ಲಿ ಒಬ್ಬರು ಎಷ್ಟು ಸಲ ಬರುತ್ತಾರೆಂಬ ಅಳತೆ) ಅಥವಾ ಬರ್ಟ್ ಅವರ ನಿರ್ಬಂಧ ಸೂಚಿ (ಒಬ್ಬರ ನಂಟಿನವರು ತಮ್ಮತಮ್ಮಲ್ಲೇ ಎಷ್ಟು ಹೆಣೆದುಕೊಂಡಿದ್ದಾರೆಂಬ ಅಳತೆ). ಈ ಸೂಚಿಯ ಬೆಲೆ ಕಡಿಮೆಯಾದಷ್ಟೂ ಆ ವ್ಯಕ್ತಿಯ ಸುತ್ತ ತೆರವುಗಳು ಹೆಚ್ಚು, ಇದನ್ನು ತಿರುವುಮುರುವಾಗಿ ಓದಿದ ಪ್ರಬಂಧಗಳನ್ನು ನೋಡಿದ್ದೇನೆ. ಪಾಳಿ ಅಥವಾ ಭಾಷೆಯ ಗುಂಪು ಎಷ್ಟು ಒಳಮುಖವಾಗಿದೆ ಎಂಬುದಕ್ಕೆ ಹೊರನಂಟುಗಳಿಂದ ಒಳನಂಟುಗಳನ್ನು ಕಳೆದು ಒಟ್ಟು ನಂಟುಗಳಿಂದ ಭಾಗಿಸುವ ಸೂಚಿಯಿದೆ. ಅದು ಎಲ್ಲ ನಂಟೂ ಒಳಗೇ ಇದ್ದರೆ ಋಣ 1, ಎಲ್ಲವೂ ಹೊರಗಿದ್ದರೆ ಧನ 1. ಆದರೆ ಹತ್ತು ಜನರ ಗುಂಪಿಗೆ ಹೊರಗೆ ಐವತ್ತು ಜನರಿರುವುದರಿಂದ ಹೊರನಂಟು ತಾನಾಗಿಯೇ ಹೆಚ್ಚು ಕಾಣುತ್ತದೆ, ಗುಂಪಿನ ಗಾತ್ರವನ್ನು ಗಮನಿಸದೆ ಅರ್ಥೈಸಬಾರದು. ಸಾಂದ್ರತೆಯನ್ನೂ, ಅಂದರೆ ಸಾಧ್ಯವಿರುವ ನಂಟುಗಳಲ್ಲಿ ನಿಜವಾಗಿ ಇರುವವುಗಳ ಪಾಲನ್ನೂ, ಹಾಗೆಯೇ 20 ಜನರ ವಿಭಾಗಕ್ಕೂ 200 ಜನರ ವಿಭಾಗಕ್ಕೂ ನೇರವಾಗಿ ಹೋಲಿಸಬಾರದು.

ಇನ್ನು ಸಂಖ್ಯಾಶಾಸ್ತ್ರದ ಮೂಲ ತೊಡಕು. ಸಾಮಾನ್ಯ ಹಿಂಚಲನ (ರಿಗ್ರೆಶನ್) ವಿಶ್ಲೇಷಣೆ ಪ್ರತಿ ದಾಖಲೆಯೂ ಸ್ವತಂತ್ರವೆಂದು ಭಾವಿಸುತ್ತದೆ. ಜಾಲದಲ್ಲಿ ಒಬ್ಬನೇ ವ್ಯಕ್ತಿ 59 ಜೋಡಿಗಳಲ್ಲಿ ಕಾಣಿಸಿಕೊಳ್ಳುತ್ತಾನೆ, ಸ್ವಾತಂತ್ರ್ಯದ ಪ್ರಶ್ನೆಯೇ ಇಲ್ಲ. 60 ಜನರಿಂದ 3,540 ಸಾಲುಗಳ ಕೋಷ್ಟಕ ಮಾಡಿ ಎಲ್ಲ ಫಲಿತಾಂಶಗಳೂ ಸಂಖ್ಯಾಶಾಸ್ತ್ರೀಯವಾಗಿ ಮಹತ್ವದವೆಂದು (ಆಕಸ್ಮಿಕವಲ್ಲವೆಂದು) ಬಂದಾಗ ಹಿಗ್ಗಬೇಡಿರಿ, ಅದು ಎಚ್ಚರಿಕೆಯ ಗಂಟೆ. ಜೋಡಿಗಳ ಮಟ್ಟದ ಪ್ರಶ್ನೆಗೆ ಕ್ಯೂಎಪಿ ಎಂಬ ಪುನರ್ವಿಂಗಡಣಾ ವಿಧಾನವನ್ನು ಬಳಸಿರಿ. ಕೋಷ್ಟಕದ ಅಡ್ಡಸಾಲು ಮತ್ತು ಕಂಬಸಾಲುಗಳನ್ನು ಒಟ್ಟಿಗೆ ಸಾವಿರಾರು ಸಲ ಕಲಸಿ, ನಿಮಗೆ ಸಿಕ್ಕಂಥ ಸಂಬಂಧ ಆಕಸ್ಮಿಕವಾಗಿ ಎಷ್ಟು ಸಲ ಬರುತ್ತದೆಂದು ಅದು ನೋಡುತ್ತದೆ. ಡೇವಿಡ್ ಕ್ರಾಕ್‌ಹಾರ್ಟ್ 1987–88ರ ಸುಮಾರಿಗೆ ಇದನ್ನು ಬಹುಚರ ಹಿಂಚಲನಕ್ಕೆ ವಿಸ್ತರಿಸಿದರು, ಯುಸಿನೆಟ್ ಮತ್ತು ಎಸ್‌ಎನ್‌ಎ ಎರಡರಲ್ಲೂ ಸಿದ್ಧವಾಗಿ ದೊರೆಯುತ್ತದೆ.

ಕಾರ್ಯಕಾರಣದ ಬಗ್ಗೆ ಮಾತಾಡುವಾಗ ಇನ್ನೂ ಹೆಚ್ಚು ಸಂಯಮ ಬೇಕು. ಹೆಚ್ಚು ನಂಟುಳ್ಳವರು ಹೆಚ್ಚು ಕಲಿತಿದ್ದಾರೆಂದು ಕಂಡರೆ, ನಂಟಿನಿಂದ ಕಲಿಕೆ ಬಂದಿರಬಹುದು, ಕಲಿತವರ ಬಳಿಗೆ ಜನ ಬಂದಿರಲೂಬಹುದು. ಒಂದೇ ಸಲದ ಸಮೀಕ್ಷೆ ಇವೆರಡನ್ನು ಬೇರ್ಪಡಿಸಲಾರದು. ತರಬೇತಿಗೆ ಮೊದಲು ಒಮ್ಮೆ, ಮೂರು ತಿಂಗಳ ನಂತರ ಒಮ್ಮೆ, ಸಾಧ್ಯವಾದರೆ ಆರು ತಿಂಗಳಿಗೆ ಮತ್ತೊಮ್ಮೆ ಅಳೆಯಿರಿ. ಟಾಮ್ ಸ್ನೈಡರ್ಸ್ ರೂಪಿಸಿದ ಸಂಖ್ಯಾಶಾಸ್ತ್ರೀಯ ಮಾದರಿಗಳು ಆರ್ ಭಾಷೆಯ ಆರ್‌ಸಿಯೆನಾ ಪ್ಯಾಕೇಜಿನಲ್ಲಿದ್ದು, ಆಯ್ಕೆ (ಕಲಿತವರ ಬಳಿಗೆ ಜನ ಬರುವುದು) ಮತ್ತು ಪ್ರಭಾವ (ನಂಟಿನಿಂದ ಕಲಿಕೆ ಬರುವುದು) ಇವೆರಡನ್ನು ಬಿಡಿಸಿ ನೋಡಲು ನೆರವಾಗುತ್ತವೆ. ತರಬೇತಿಯ ಬಳಕೆಯನ್ನು ವಿವರಿಸುವಾಗ ಬಾಲ್ಡ್‌ವಿನ್ ಮತ್ತು ಫೋರ್ಡ್ 1988ರಲ್ಲಿ ಗುರುತಿಸಿದ ಮೂರು ಅಂಶಗಳನ್ನು, ಅಂದರೆ ಕಲಿಯುವವರ ಗುಣ, ತರಬೇತಿಯ ವಿನ್ಯಾಸ ಮತ್ತು ಕೆಲಸದ ಪರಿಸರ ಇವನ್ನು ಮರೆಯಬಾರದು. ಜಾಲ ಬರುವುದು ಮೂರನೆಯದರಲ್ಲಿ, ಮೊದಲಿನೆರಡನ್ನು ಅಳೆಯದೆ ಎಲ್ಲ ಶ್ರೇಯಸ್ಸನ್ನೂ ಜಾಲಕ್ಕೆ ಕೊಡಲಾಗದು.

ಹಂತ 8: ಅರ್ಥೈಸುವುದು ಮತ್ತು ಹಿಂದಿರುಗಿಸುವುದು

ಅಂಕಿಗಳನ್ನು ಹಿಡಿದು ಮತ್ತೆ ವಿಭಾಗಕ್ಕೆ ಹೋಗಿರಿ. ಅತಿ ಹೆಚ್ಚು ಜನ ಹೆಸರಿಸಿದ ವ್ಯಕ್ತಿ ಸಂಸ್ಥೆಯ ಸಂಪತ್ತೂ ಹೌದು, ತನ್ನ ಕೆಲಸ ಬಿಟ್ಟು ಎಲ್ಲರಿಗೂ ಉತ್ತರ ಕೊಟ್ಟು ದಣಿದವನೂ ಆಗಿರಬಹುದು. ಆತನೊಡನೆ ಮಾತಾಡದೆ ಇವೆರಡರಲ್ಲಿ ಯಾವುದೆಂದು ತಿಳಿಯದು. ಅಂಚಿನಲ್ಲಿ ಕಾಣುವವರ ಬಗ್ಗೆ ಇನ್ನೂ ಜಾಗ್ರತೆ ಬೇಕು. ಯಾರೂ ಹೆಸರಿಸದ ಮಹಿಳಾ ಆಪರೇಟರ್‌ಗೆ ಕೌಶಲವಿಲ್ಲವೆಂದು ಬರೆಯುವ ಮೊದಲು, ಚಹಾ ವಿರಾಮದಲ್ಲಿ ಮಾತು ನಡೆಯುವ ಜಾಗಕ್ಕೆ ಆಕೆಗೆ ಪ್ರವೇಶವಿದೆಯೇ, ರಾತ್ರಿ ಪಾಳಿಯ ಬಸ್ಸಿನಲ್ಲಿ ಆಕೆ ಬರುತ್ತಾಳೆಯೇ ಎಂದು ಕೇಳಿರಿ. ಸಮಾನ ಹಿನ್ನೆಲೆಯವರು ಪರಸ್ಪರ ಸೇರಿಕೊಳ್ಳುವ ಪ್ರವೃತ್ತಿ ಜಾಲ ಸಂಶೋಧನೆಯಲ್ಲಿ ಅತ್ಯಂತ ದೃಢವಾಗಿ ಸ್ಥಾಪಿತವಾದ ಸಂಗತಿಗಳಲ್ಲೊಂದು. ಹೊರಗುಳಿದವರ ದೋಷವೆಂದು ಕಾಣುವುದು ಎಷ್ಟೋ ಸಲ ಒಳಗಿರುವವರ ರೂಢಿ.

ಆಡಳಿತಕ್ಕೆ ಕೊಡುವ ವರದಿಯಲ್ಲಿ ಗುಂಪುಗಳ ಮಟ್ಟದ ಫಲಿತಾಂಶ ಮಾತ್ರ ಇರಲಿ: ಯಾವ ಪಾಳಿಗಳ ನಡುವೆ ಸಲಹೆ ಹರಿಯುತ್ತಿಲ್ಲ, ಕಾಯಂ ಮತ್ತು ಗುತ್ತಿಗೆ ಕಾರ್ಮಿಕರ ನಡುವೆ ಯಾವ ದಿಕ್ಕಿನಲ್ಲಿ ಕಲಿಕೆ ನಡೆಯುತ್ತಿದೆ, ತರಬೇತಿಯ ನಂತರ ಏನು ಬದಲಾಯಿತು. ಹೆಸರು ತೆಗೆದುಹಾಕಿದ ನಕ್ಷೆಯೂ ಸುರಕ್ಷಿತವಲ್ಲ. ‘ಮೂರನೇ ಪಾಳಿ, ಮಹಿಳೆ, ಕನ್ನಡ ಮಾತೃಭಾಷೆ’ ಎಂಬ ಮೂರು ವಿವರ ಸಿಕ್ಕರೆ 60 ಜನರಲ್ಲಿ ಒಬ್ಬರನ್ನು ಗುರುತಿಸಲು ಮೇಲ್ವಿಚಾರಕನಿಗೆ ಕ್ಷಣ ಸಾಕು. ಅಂಥ ಚಿಕ್ಕ ಗುಂಪುಗಳನ್ನು ದೊಡ್ಡ ಗುಂಪಿನೊಡನೆ ಸೇರಿಸಿ ತೋರಿಸಿರಿ. ಕಾರ್ಮಿಕರಿಗೆ ಅವರವರ ಭಾಷೆಯಲ್ಲಿ ಒಂದು ಪುಟದ ಫಲಿತಾಂಶ ಕೊಟ್ಟು, ತನ್ನ ಬಗ್ಗೆ ತಿಳಿಯಬಯಸುವವರಿಗೆ ಅವರ ಸ್ವಂತ ಅಳತೆಯನ್ನು ಖಾಸಗಿಯಾಗಿ ವಿವರಿಸಿರಿ. ಎರಡನೇ ಸುತ್ತಿನ ಸಮೀಕ್ಷೆ ಬಾಕಿಯಿದ್ದರೆ ಈ ಕೆಲಸವನ್ನು ಅದು ಮುಗಿಯುವವರೆಗೆ ಮುಂದೂಡಬೇಕು, ಏಕೆಂದರೆ ಫಲಿತಾಂಶ ತಿಳಿದ ಮೇಲೆ ಜನ ಹೆಸರಿಸುವ ರೀತಿ ಬದಲಾಗುತ್ತದೆ. ಕೊನೆಯ ಸುತ್ತಿನ ಪರಿಶೀಲನೆ ಮುಗಿದ ಬಳಿಕ, ಸಮ್ಮತಿ ಪತ್ರದಲ್ಲಿ ಹೇಳಿದ ದಿನಾಂಕದೊಳಗೆ, ಹೆಸರು ಮತ್ತು ಸಂಕೇತವನ್ನು ಜೋಡಿಸುವ ಕೀಲಿ ಕಡತವನ್ನೂ ಅದರ ಎಲ್ಲ ಪ್ರತಿಗಳನ್ನೂ ಅಳಿಸಿ, ಅಳಿಸಿದ ದಿನವನ್ನು ಟಿಪ್ಪಣಿ ಪುಸ್ತಕದಲ್ಲಿ ದಾಖಲಿಸಿರಿ.